ತೋರಿಸುವ ಕೋಣೆ

ನಮ್ಮ ಯೂನಿವರ್ಸಿಟಿಯ ಹಾಸ್ಟೆಲಿನಲ್ಲಿ ಹನ್ನೊಂದು ವರ್ಷದಿಂದ ಯಾರೂ ಮಲಗದ ಒಂದು ಕೋಣೆಯಿದೆ. ಹೊಸ ಕಟ್ಟಡದ ನೆಲಮಹಡಿ, ಮೂರನೇ ನಂಬರು. ಮಲಗುವವರಿಲ್ಲ ಎಂದ ಮಾತ್ರಕ್ಕೆ ಅದು ಪಾಳುಬಿದ್ದಿದೆ ಎಂದುಕೊಳ್ಳಬೇಡಿ. ವಾರಕ್ಕೊಮ್ಮೆ ಅಲ್ಲಿ ಹಾಸಿಗೆಗೆ ಇಸ್ತ್ರಿಯಾದ ಹೊದಿಕೆ ಬೀಳುತ್ತದೆ, ಕಿಟಕಿ ಉಜ್ಜಿಸಿಕೊಳ್ಳುತ್ತದೆ. ಇಲ್ಲಿ ಓದಲು ಸೇರಬೇಕೆಂದಿರುವ ಮಕ್ಕಳು ಅಪ್ಪ ಅಮ್ಮನ ಜೊತೆ ನೋಡಲು ಬರುವ ಶನಿವಾರಗಳಲ್ಲಿ ನಾವು ಬಾಗಿಲು ತೆರೆದಿಡುವುದು ಅದೊಂದೇ ಕೋಣೆಗೆ. ಅದನ್ನು ಸಿಂಗರಿಸುವವಳು ನಾನು, ಲೊರೇನ್ ಹ್ಯಾಸ್ಲಮ್, ಹಾಸ್ಟೆಲಿನ ಕಸ ಗುಡಿಸಿ ನೆಲ ಒರೆಸುವವಳು.

ಸಿಂಗಾರವೆಂದರೆ ಹುಡುಗಾಟವಲ್ಲ. ಮೂರು ದಿನ ಮೊದಲೇ ಹೀಟರ್ ಹಾಕಿ ಗೋಡೆಗಳನ್ನು ಬೆಚ್ಚಗೆ ಮಾಡಬೇಕು. ಆ ದಿನ ಬೆಳಿಗ್ಗೆ ಪಕ್ಕದ ಅಡುಗೆಮನೆಯಲ್ಲಿ ಎರಡು ತುಂಡು ಬ್ರೆಡ್ ಸುಡುತ್ತೇನೆ. ತಿನ್ನಲಿಕ್ಕಲ್ಲ, ಘಮಕ್ಕೆ. ಮನೆಯ ಘಮ ಮೂಗಿಗೆ ಬಿದ್ದರೆ ಸಾಕು, ಅಮ್ಮಂದಿರ ಮುಖದ ಗಂಟು ಸಡಿಲವಾಗುತ್ತದೆ. ಇದನ್ನು ಕಂಡುಹಿಡಿದವಳು ನಾನೇ, ಯಾರೂ ಹೇಳಿಕೊಟ್ಟದ್ದಲ್ಲ. ಅದರ ಜಂಬವೂ ನನಗೆ ಬೇಕಾದಷ್ಟಿತ್ತು.

"ಮದುವೆ ಹೆಣ್ಣಿಗೂ ಇಷ್ಟು ಅಲಂಕಾರ ಮಾಡಲ್ಲ ಕಣೇ," ಎನ್ನುತ್ತಿದ್ದಳು ನನ್ನ ಜೊತೆ ಕೆಲಸ ಮಾಡುವ ಬೆವ್. "ಹಿಂದಿರೋ ಸಿ ಕಟ್ಟಡ ನೋಡಿದ್ರೆ ಗಂಡು ಮಂಟಪದಿಂದಾನೇ ಎದ್ದು ಓಡ್ತಾನೆ."

ಬೆವ್ ಹೇಳಿದ್ದು ಸುಳ್ಳಲ್ಲ. ಸಿ ಕಟ್ಟಡದ ಗೋಡೆಗಳು ಬಿಸಿಲು ಕಂಡವಲ್ಲ. ಪ್ರತಿ ಅಕ್ಟೋಬರಿನಲ್ಲಿ ಮೂಲೆಮೂಲೆಗೂ ಕಪ್ಪು ಬೂಷ್ಟು ಹತ್ತುತ್ತಿತ್ತು. ಪ್ರತಿ ಬೇಸಿಗೆಯಲ್ಲಿ ಅದರ ಮೇಲೆ ಬಿಳಿ ಬಣ್ಣ ಬಳಿಯುತ್ತಿದ್ದೆವು. ಬಂದವರು ಏನಾದರೂ ಕೇಳಿದರೆ ಏನು ಹೇಳಬೇಕೆಂದು ನಮ್ಮ ಮ್ಯಾನೇಜರ್ ರೂಪರ್ಟ್ ಕೂರಿಸಿಕೊಂಡು ಹೇಳಿಕೊಟ್ಟಿದ್ದ. "ಕೋಣೆ ಕೋಣೆಗೂ ವ್ಯತ್ಯಾಸ ಇರುತ್ತೆ ಅನ್ನಿ. ಅಷ್ಟೇ ಸಾಕು." ಸುಳ್ಳು ಹೇಳು ಎಂದು ನನಗೆ ಯಾರೂ ಹೇಳಿರಲಿಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ರೂಪರ್ಟನ ಮೇಲೆ ಹಾಕಿ ಕೈತೊಳೆದುಕೊಳ್ಳುವ ಆಸೆ ನನಗೇ ಬಂದೀತು.

ಮಾರ್ಚಿನ ಒಂದು ಶನಿವಾರ ಕೀತ್ ಬೆನ್ ಮತ್ತು ಅವರ ಮಗಳು ಟೆಸ್ಸಾ ಬಂದರು. ಕೀತ್ ವೈಟ್‌ಹೇವನ್ ಎಂಬ ಊರಿನಲ್ಲಿ ಬಸ್ ಓಡಿಸುವವರು. ಬೆಳಿಗ್ಗೆ ಐದಕ್ಕೇ ಮನೆ ಬಿಟ್ಟಿದ್ದರಂತೆ. ಕೋಣೆ ತೋರಿಸಲು ಬಂದ ಆಫೀಸಿನವರು ಮುಂದಿನ ಗುಂಪನ್ನು ಕರೆಯಲು ಆಚೆ ಹೋಗುವವರೆಗೂ ಕಾದು, ಆಮೇಲೆ ಕೀತ್ ನನ್ನ ಹತ್ತಿರ ಬಂದರು.

"ನೋಡಿ, ಆ ಸೂಟಿನವ್ರನ್ನ ನಾನು ಏನೂ ಕೇಳಲ್ಲ," ಎಂದರು. "ಇಪ್ಪತ್ತೆಂಟು ವರ್ಷ ಬಸ್ ಓಡಿಸಿದ್ದೀನಿ. ಬಸ್ಸಿನ ಗತಿ ಏನಂತ ಮ್ಯಾನೇಜರಿಗೆ ಗೊತ್ತಿರಲ್ಲ, ತೊಳೆಯೋನಿಗೆ ಗೊತ್ತಿರುತ್ತೆ. ಅದಕ್ಕೇ ನಿಮ್ಮನ್ನ ಕೇಳ್ತಿದ್ದೀನಿ."

"ಅಪ್ಪಾ, ಸುಮ್ನಿರಪ್ಪಾ. ಮಾನ ತೆಗೀತೀಯ," ಎಂದು ಟೆಸ್ಸಾ ಅವರ ತೋಳು ಎಳೆದಳು.

"ನೀನು ತಡಿ. ಇವಳಿಗೆ ಚಿಕ್ಕಂದಿನಿಂದ ಉಬ್ಬಸ ಇದೆ. ಹೆರಿಗೆ ಮಾಡಿಸೋ ನರ್ಸ್ ಆಗ್ಬೇಕು ಅಂತ ಎಂಟು ವರ್ಷದವಳಿದ್ದಾಗಿಂದ ಹಟ. ಎರಡು ಕಡೆ ಸೀಟು ಕೊಡ್ತೀವಿ ಅಂದಿದ್ದಾರೆ. ಯಾವುದಾದ್ರೂ ಒಂದನ್ನ ಮೊದಲನೇ ಆಯ್ಕೆ ಅಂತ ಬರೀಬೇಕು. ಇನ್ನೊಂದು ಕಾಲೇಜು ಮನೆಯಿಂದಾನೇ ಓಡಾಡೋವಷ್ಟು ಹತ್ರ. ಇವಳಿಗೆ ಇಲ್ಲೀದೇ ಆಸೆ. ಇಲ್ಲಿ ಗೋಡೆ ಒದ್ದೆ ಆಗುತ್ತಾ? ಅಷ್ಟು ಹೇಳಿ ಸಾಕು."

ಹಾಗೆ ಕೇಳುತ್ತಲೇ ಬಾಗಿಲಿನ ಚೌಕಟ್ಟಿನ ಮೇಲೆ ಬೆರಳು ಎಳೆದು ನೋಡಿದರು. ಬೆರಳಿಗೆ ಒಂದು ಕಣ ಧೂಳೂ ಹತ್ತಲಿಲ್ಲ. "ಅಬ್ಬಾ! ಇದೆಲ್ಲ ನಿಮ್ಮ ಕೆಲಸಾನಾ?" ಎಂದರು.

ಹನ್ನೊಂದು ವರ್ಷದಲ್ಲಿ ನನ್ನನ್ನು ಆ ಮಾತು ಕೇಳಿದವರು ಅವರೊಬ್ಬರೇ. ನಾನು ಉಬ್ಬಿಹೋದೆ. ನೆಲ ಒರೆಸುವವಳ ಮಾತಿಗೆ ಇಷ್ಟು ಬೆಲೆಯೇ ಎಂದು ತಲೆ ತಿರುಗಿತು.

"ಒದ್ದೆನಾ?" ಎಂದೆ. "ಒಂದು ಚುಕ್ಕೆ ಬೂಷ್ಟು ತೋರಿಸಿ ನೋಡೋಣ! ನಾನು ಇರೋವಾಗ? ಎಲ್ಲಾ ಕೋಣೇನೂ ಹೀಗೇ ಸ್ವಾಮಿ. ನನ್ನ ಮಗಳಾಗಿದ್ರೆ ಕಣ್ಣುಮುಚ್ಚಿ ಇಲ್ಲಿ ಬಿಡ್ತಿದ್ದೆ."

ನನಗೆ ಮಗಳಿಲ್ಲ.

ಕೀತ್ ದೊಡ್ಡದಾಗಿ ಉಸಿರು ಬಿಟ್ಟರು. "ಸರಿ ಟೆಸ್ಸಾ, ಇದನ್ನೇ ಬರಿ," ಎಂದರು. ಆ ಹುಡುಗಿ ಅಪ್ಪನ ಕುತ್ತಿಗೆಗೆ ಜೋತುಬಿದ್ದಳು, ಆಮೇಲೆ ನನ್ನ ಹೆಸರು ಕೇಳಿ ಎರಡು ಸಲ ಥ್ಯಾಂಕ್ಸ್ ಹೇಳಿದಳು. ನಾನು ಡಬ್ಬಿಯಿಂದ ಬಿಸ್ಕತ್ತು ಕೊಟ್ಟು ಕಳಿಸಿದೆ. ಆ ದಿನವೆಲ್ಲ ನನ್ನ ಕಾಲು ನೆಲದ ಮೇಲಿರಲಿಲ್ಲ.

ಅಕ್ಟೋಬರಿನಲ್ಲಿ ಸಿ ಕಟ್ಟಡದ ಎರಡನೇ ಮಹಡಿ ಗುಡಿಸುತ್ತಿದ್ದೆ. "ಲೊರೇನ್! ನೀವೇ ಅಲ್ವಾ?" ಎಂದು ಯಾರೋ ಕೂಗಿದರು. ನೋಡಿದರೆ ಟೆಸ್ಸಾ. ಗುರುತು ಹಿಡಿದ ಖುಷಿಗೆ ಓಡಿಬಂದಳು, ನಾಲ್ಕು ಹೆಜ್ಜೆಗೇ ಕೆಮ್ಮು ಹತ್ತಿತು. "ನನ್ನ ಕೋಣೆ ಮೂಲೆ ಯಾಕೋ ಕಪ್ಪಾಗ್ತಿದೆ. ಸ್ವಲ್ಪ ನೋಡ್ತೀರಾ?"

ಹದಿನಾಲ್ಕನೇ ನಂಬರು. ನೋಡುವುದೇನು, ನನಗೆ ಗೊತ್ತಿಲ್ಲದ್ದೇ? ಬೀರು ಸರಿಸಿದರೆ ಹಿಂದಿನ ಗೋಡೆ ಕಾವಲಿಯ ತಳದಂತೆ ಕಪ್ಪಾಗಿತ್ತು. ಹಾಸಿಗೆಯ ತಲೆದಿಂಬು ಅದಕ್ಕೆ ಒಂದು ಮೊಳ ದೂರ.

"ಇದೊಂದು ಕೋಣೆ ಮಾತ್ರ ಹೀಗಾ?" ಎಂದು ಕೇಳಿದಳು.

ಆಗಲಾದರೂ ಬಾಯಿ ಬಿಡಬಹುದಿತ್ತು. "ಹೂಂ ಕಂದಾ, ಇದೊಂದೇ," ಎಂದೆ. ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು, ಆಮೇಲೆ ಬೀರುವನ್ನು ಮತ್ತೆ ಗೋಡೆಗೆ ತಳ್ಳಿದಳು.

ಅವತ್ತೇ ರೂಪರ್ಟನ ಬಳಿ ಹೋದೆ. ಆ ಮೂರನೇ ನಂಬರಿನ ಕೋಣೆ ಬೆಚ್ಚಗೆ, ಒಣಗಿಕೊಂಡು, ಖಾಲಿ ಬಿದ್ದಿತ್ತು. ಅದರ ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು.

"ಆ ಹುಡುಗಿಗೆ ಉಬ್ಬಸ ಇದೆ. ಮೂರನೇ ನಂಬರಿಗೆ ಹಾಕೋಣ್ವಾ?" ಎಂದೆ.

"ಲೊರೇನ್, ಅದು ತೋರಿಸೋ ಕೋಣೆ," ಎಂದ ರೂಪರ್ಟ್, ಕಂಪ್ಯೂಟರಿನಿಂದ ಕಣ್ಣೆತ್ತದೆ. "ನವೆಂಬರಲ್ಲಿ ಮತ್ತೆ ಮುನ್ನೂರು ಜನ ಬರ್ತಾರೆ, ಅವ್ರಿಗೇನು ತೋರಿಸ್ಲಿ? ಕೋಣೆ ಬದಲಾಯಿಸೋಕೆ ಅವಳು ಫಾರಂ ತುಂಬ್ಲಿ. ಮೂವತ್ತೊಂದು ಜನ ಸರದೀಲಿದ್ದಾರೆ."

ನಮ್ಮ ಜನರ ಹಣೆಬರಹ ಒಂದಿದೆ. ಒಮ್ಮೆ ಕೇಳುತ್ತೇವೆ. ಇಲ್ಲ ಎಂದರೆ ಎರಡನೇ ಸಲ ಕೇಳುವುದು ಮರ್ಯಾದೆಯಲ್ಲ. "ಪರವಾಗಿಲ್ಲ ಬಿಡಿ, ನಿಮ್ಮ ಕೆಲಸ ಕೆಡಿಸಿದೆ, ಕ್ಷಮಿಸಿ," ಎಂದು ಹಿಂದೆ ಹಿಂದೆ ಹೆಜ್ಜೆಯಿಟ್ಟು ಬಾಗಿಲು ಮುಚ್ಚಿಕೊಂಡು ಬರುತ್ತೇವೆ. ನಾನೂ ಹಾಗೇ ಬಂದೆ. ಅಯ್ಯೋ ನನ್ನ ಜನ್ಮಕ್ಕೆ! ಒಂದು ಮಗು ಉಸಿರಿಗೆ ಒದ್ದಾಡುತ್ತಿರುವಾಗ ನಾನು ರೂಪರ್ಟನ ಹತ್ತಿರ ಕ್ಷಮೆ ಕೇಳಿ ಬಂದೆ. ಅವಳ ಅಪ್ಪನಿಗೆ ನಾನು ಏನು ಮಾತು ಕೊಟ್ಟಿದ್ದೆ ಎಂಬುದನ್ನಂತೂ ಉಸುರಲೇ ಇಲ್ಲ.

ಮಾರನೆಯ ದಿನ ಸಿ ಕಟ್ಟಡವನ್ನು ನೀನು ನೋಡಿಕೋ, ನಿನ್ನ ಬಿ ಕಟ್ಟಡ ನನಗೆ ಕೊಡು ಎಂದು ಬೆವ್‌ಳನ್ನು ಕೇಳಿಕೊಂಡೆ.

"ಯಾಕೇ, ಸಿ ಕಟ್ಟಡದಲ್ಲಿ ದೆವ್ವ ಕಂಡ್ಯಾ?"

"ಮೊಣಕಾಲು ನೋವು. ಮೆಟ್ಟಿಲು ಹತ್ತೋಕಾಗಲ್ಲ."

"ಓಹೋ! ಬಿ ಕಟ್ಟಡದ ಮೆಟ್ಟಿಲು ನಿನ್ನ ಮೊಣಕಾಲಿಗೆ ನೆಂಟರಾ?" ಎಂದು ನಕ್ಕಳು. ಆದರೂ ಒಪ್ಪಿದಳು.

ಮೂರು ವಾರ ಟೆಸ್ಸಾಳ ಕಣ್ಣಿಗೆ ಬೀಳದಂತೆ ಓಡಾಡಿದೆ. ದೂರದಲ್ಲಿ ಅವಳ ಕೆಂಪು ಕೋಟು ಕಂಡರೆ ಪೊರಕೆ ಇಡುವ ಗೂಡಿಗೆ ನುಗ್ಗಿ ನಿಲ್ಲುತ್ತಿದ್ದೆ. ಐವತ್ತೆಂಟು ವರ್ಷದ ಹೆಂಗಸು, ಹದಿನೆಂಟರ ಹುಡುಗಿಗೆ ಹೆದರಿ, ಫಿನಾಯಿಲ್ ಡಬ್ಬಿಗಳ ನಡುವೆ.

ನವೆಂಬರಿನ ಶುಕ್ರವಾರ, ಮಾರನೆಯ ದಿನದ ಮುನ್ನೂರು ಜನಕ್ಕಾಗಿ ಮೂರನೇ ನಂಬರಿನ ಹಾಸಿಗೆ ಹಾಸುತ್ತಿದ್ದೆ. ಬೆವ್ ಬಾಗಿಲಲ್ಲಿ ಬಂದು ನಿಂತಳು. ಅವಳ ಮುಖದಲ್ಲಿ ತಮಾಷೆ ಇರಲಿಲ್ಲ.

"ಸಿ ಹದಿನಾಲ್ಕರ ಹುಡುಗಿನ ಆಂಬುಲೆನ್ಸಲ್ಲಿ ಕರ್ಕೊಂಡು ಹೋದ್ರು ಕಣೇ. ತುಟಿ ನೀಲಿ ಆಗಿತ್ತು. ಮಾತಾಡೋಕೂ ಉಸಿರಿರ್ಲಿಲ್ಲ."

ನಾನು ಆ ಬೆಚ್ಚಗಿನ ಹಾಸಿಗೆಯ ಮೇಲೆ ಕುಸಿದು ಕೂತೆ. ಹಾಗೆ ಕೂತಿದ್ದಕ್ಕೆ ಹೊದಿಕೆ ಸುಕ್ಕಾಯಿತು. ಎದ್ದು ಮತ್ತೆ ಇಸ್ತ್ರಿ ಮಾಡಿದೆ. ಶನಿವಾರ ಬೆಳಿಗ್ಗೆ ಬ್ರೆಡ್ಡನ್ನೂ ಸುಟ್ಟೆ. ಹೌದು, ಸುಟ್ಟೆ. ಇದನ್ನು ಬರೆಯುವಾಗ ನನಗೆ ನನ್ನ ಕೈ ನೋಡಿಕೊಳ್ಳಲೂ ಅಸಹ್ಯವಾಗುತ್ತದೆ.

ಟೆಸ್ಸಾ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದಳು. ಜೀವಕ್ಕೆ ಅಪಾಯವಾಗಲಿಲ್ಲ. ಹೋದದ್ದು ಸೀಟು. ಹೆರಿಗೆ ನರ್ಸ್ ಓದಿನಲ್ಲಿ ವಾರ್ಡಿನಲ್ಲಿ ಇಷ್ಟು ಗಂಟೆ ಕೆಲಸ ಕಲಿತಿರಲೇಬೇಕೆಂಬ ಲೆಕ್ಕವಿದೆ. ಕೆಮ್ಮಿನಿಂದಾಗಿ ಮೊದಲೇ ಅವಳಿಗೆ ಎಷ್ಟೋ ಪಾಳಿ ತಪ್ಪಿದ್ದವು, ಕೆಮ್ಮುವವರನ್ನು ಹಸುಗೂಸುಗಳ ಹತ್ತಿರ ಯಾರು ಬಿಡುತ್ತಾರೆ? ಈ ವರ್ಷ ಬಿಟ್ಟುಬಿಡು, ಬರುವ ವರ್ಷ ಹೊಸದಾಗಿ ಅರ್ಜಿ ಹಾಕು, ಸಿಕ್ಕೇ ಸಿಗುತ್ತದೆಂದು ಹೇಳಲಾಗದು ಎಂದು ಅವಳಿಗೆ ತಿಳಿಸಿದರಂತೆ. ಇದೆಲ್ಲ ಬೆವ್ ಹೇಳಿ ಗೊತ್ತಾದದ್ದು.

ಕೀತ್ ಮಗಳನ್ನು ಮನೆಗೆ ಕರೆದುಕೊಂಡು ಹೋಗಲು ಬರುವ ದಿನ, ಏನಾದರಾಗಲಿ, ಎಲ್ಲ ಹೇಳಿಯೇ ತೀರುತ್ತೇನೆಂದು ಗಟ್ಟಿ ಮಾಡಿಕೊಂಡೆ. ಬೈಯಲಿ, ಕಂಪ್ಲೇಂಟ್ ಕೊಡಲಿ, ಕೆಲಸ ಹೋದರೂ ಹೋಗಲಿ. ಬಸ್ಸಿನಲ್ಲಿ ಬರುತ್ತಾ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಸಿ ಕಟ್ಟಡದ ಮೆಟ್ಟಿಲು ಹತ್ತಿ ಹೋದರೆ ಹದಿನಾಲ್ಕನೇ ನಂಬರಿನಲ್ಲಿ ಟೆಸ್ಸಾ ಒಬ್ಬಳೇ ಇದ್ದಳು. ಅಪ್ಪ ಪೆಟ್ಟಿಗೆಯನ್ನು ಕಾರಿನಲ್ಲಿಡಲು ಕೆಳಗೆ ಹೋಗಿದ್ದರು. ಅವಳು ಅರ್ಧಕ್ಕರ್ಧ ಇಳಿದುಹೋಗಿದ್ದಳು. ವಾರ್ಡಿಗೆ ಹಾಕುವ ಯೂನಿಫಾರಂ ಮಡಿಸುತ್ತಿದ್ದಳು, ಅದರ ಮಡಿಕೆ ಇನ್ನೂ ಹೊಸದರಂತಿತ್ತು.

"ಟೆಸ್ಸಾ, ನಿಮ್ಮಪ್ಪನಿಗೆ ಒಂದು ಮಾತು ಹೇಳ್ಬೇಕು," ಎಂದೆ. "ಅವತ್ತು ಮಾರ್ಚಲ್ಲಿ ನಾನು ಹೇಳಿದ್ದು..."

"ಗೊತ್ತು," ಎಂದಳು. "ಇಡೀ ಕಟ್ಟಡ ಹೀಗೇ ಅಂತ ಬಂದ ವಾರದಲ್ಲೇ ಎಲ್ರೂ ಹೇಳಿದ್ರು. ಆದ್ರೂ ನಿಮ್ಮನ್ನ ಕೇಳಿದೆ. ಇದೊಂದೇ ಅಂದ್ರಿ."

"ಅವತ್ತೇ ನನ್ನ ಮುಖಕ್ಕೆ ಉಗೀಬಾರ್ದಿತ್ತಾ ಮಗಳೇ?"

"ನಿಮ್ಮನ್ನ ನೋಡಿ ಪಾಪ ಅನ್ನಿಸ್ತು."

ಅದಕ್ಕಿಂತ ಕೆನ್ನೆಗೆ ಬಾರಿಸಿದ್ದರೆ ಚೆನ್ನಾಗಿತ್ತು. "ನಾನು ನಿಮ್ಮಪ್ಪನಿಗೆ ಹೇಳಿಬಿಡ್ತೀನಿ," ಎಂದೆ. "ಹೇಳ್ದೆ ಇದ್ರೆ ನನಗೆ ತಡೆಯೋಕಾಗಲ್ಲ."

"ಬೇಡ." ಅವಳ ದನಿ ಗಟ್ಟಿಯಾಯಿತು. "ಹೇಳಿದ್ರೆ ನಿಮಗೆ ಹಗುರ ಆಗುತ್ತೆ. ಅಪ್ಪನ ಗತಿ? ಅವ್ರೇ ಕೇಳಿದ್ದು, ಅವ್ರೇ ನಂಬಿದ್ದು, ಇದನ್ನೇ ಬರಿ ಅಂದಿದ್ದೂ ಅವ್ರೇ. ಈಗೇನೋ ನನ್ನ ಅದೃಷ್ಟ ಸರಿಯಿಲ್ಲ, ಕೆಟ್ಟ ಕೋಣೆ ಸಿಕ್ತು ಅಂದ್ಕೊಂಡಿದ್ದಾರೆ. ಅಷ್ಟೇ ಅಂದ್ಕೊಂಡಿರ್ಲಿ. ಅಮ್ಮ ತೀರಿಕೊಂಡಾಗಿಂದ ಎಲ್ಲದಕ್ಕೂ ತಮ್ಮನ್ನೇ ಬೈಕೊಳ್ತಾರೆ. ಇದೂ ತಮ್ಮ ತಪ್ಪೇ ಅಂತ ಗೊತ್ತಾದ್ರೆ ಅವ್ರು ಎದ್ದೇಳಲ್ಲ."

"ಆದ್ರೆ ಕಂದಾ..."

"ದಯವಿಟ್ಟು ಸುಮ್ನಿರಿ. ಅವ್ರು ಬಂದ್ರು."

ಕೀತ್ ಏದುಸಿರು ಬಿಡುತ್ತಾ ಒಳಗೆ ಬಂದರು. ನನ್ನನ್ನು ಕಂಡದ್ದೇ ಅವರ ಮುಖ ಅರಳಿತು. ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಲೊರೇನ್ ಅವ್ರೇ, ಹೋಗೋ ಮುಂಚೆ ನಿಮ್ಮನ್ನ ಹುಡುಕ್ಬೇಕು ಅಂತಿದ್ದೆ. ಇಷ್ಟು ದೊಡ್ಡ ಜಾಗದಲ್ಲಿ ನಮ್ಮ ಜೊತೆ ಮನುಷ್ಯರ ಥರ ಮಾತಾಡಿದವ್ರು ನೀವೊಬ್ರೇ. ನೀವು ತೋರಿಸಿದಂಥ ಕೋಣೆ ಇವಳಿಗೆ ಸಿಕ್ಕಿದ್ರೆ ಹೀಗಾಗ್ತಿರ್ಲಿಲ್ಲ. ಏನ್ಮಾಡೋದು, ನಮ್ಮ ಅದೃಷ್ಟ. ನಿಮ್ಮ ಉಪಕಾರ ಮರೆಯಲ್ಲ."

ಅವರ ಕೈಯಿಂದ ನನ್ನ ಕೈ ಬಿಡಿಸಿಕೊಳ್ಳಲು ಆಗಲಿಲ್ಲ. ಅವರ ಹೆಗಲಾಚೆ ಟೆಸ್ಸಾ ನನ್ನನ್ನೇ ನೋಡುತ್ತಿದ್ದಳು.

"ಅಯ್ಯೋ, ಅದರಲ್ಲೇನಿದೆ," ಎಂದೆ. "ನಮ್ಮ ಕೆಲಸ ಅಲ್ವಾ."

ಸರಿಯಾಗಿ ಪಾಠ ಒಪ್ಪಿಸಿದ ಮಗುವಿಗೆ ತಲೆಯಾಡಿಸುವಂತೆ, ಟೆಸ್ಸಾ ಅಪ್ಪನ ಬೆನ್ನ ಹಿಂದಿನಿಂದ ನನ್ನತ್ತ ಮೆಲ್ಲಗೆ ತಲೆಯಾಡಿಸಿದಳು.