ಸನ್ಮಾನಿತ ಸೊಸೆ

ಅತ್ತೆಗೆ ಮರೆವಿನ ಕಾಯಿಲೆ ಬಂದಾಗಿನಿಂದ ಸೌತ್ ಸಿ ಬಡಾವಣೆಯ ಮನೆಯಲ್ಲಿ ಸುಮತಿ ಒಬ್ಬಳೇ ಅವರ ಹಿಂದೆ ಓಡಾಡಬೇಕು. ಗಂಡ ಶ್ರೀಹರಿಯದು ಎನ್‌ಜಿಒ ಕೆಲಸ. ಇವತ್ತು ಕಿಸುಮು, ನಾಳೆ ಕಂಪಾಲಾ. ಊರಲ್ಲಿದ್ದಾಗ "ಅಮ್ಮ ಊಟ ಮಾಡಿದ್ಲಾ?" ಅಂತ ಕೇಳಿಬಿಟ್ಟರೆ ಮಹರಾಯನ ಮಾತೃಸೇವೆ ಮುಗಿಯಿತು.

ಅವಳ ಪಾಲಿಗೆ ಉಳಿದಿದ್ದ ಸುಖ ಅಂದರೆ ಕರೆನ್ ಬಡಾವಣೆಯ ಶಾಲೆಯಲ್ಲಿ ಗಣಿತ ಪಾಠ. ಅದಕ್ಕೂ ಕಲ್ಲು ಬಿತ್ತು. ಅತ್ತೆ ಹೊಡೆದರು ಅಂತ, ಹಗಲು ಅವರನ್ನು ನೋಡಿಕೊಳ್ಳುತ್ತಿದ್ದ ಕೆಲಸದವಳು ಬಿಟ್ಟುಹೋದಳು. ಸುಮತಿ ರಜೆ ಮೇಲೆ ರಜೆ ಹಾಕಿದಳು, ಕೊನೆಗೆ ಅತ್ತೆಗೆ ಔಷಧಿ ಕೊಡುತ್ತಿದ್ದ ಡಾಕ್ಟರ್ ವಿಶ್ವನಾಥರನ್ನು ಕೇಳಿದಳು: "ಹಗಲು ಹೊತ್ತು ಅತ್ತೇನ ನೋಡ್ಕೊಳ್ಳೋ ಜಾಗ ಎಲ್ಲಾದ್ರೂ ಇದೆಯಾ, ಡಾಕ್ಟ್ರೇ?"

"ನಿಮ್ಮಂಥ ಸೊಸೆ ಇರೋವಾಗ ಅದೆಲ್ಲ ಯಾಕಮ್ಮಾ?" ಅಂದು ನಕ್ಕರು. ಕನ್ನಡ ಸಂಘದ ಅಧ್ಯಕ್ಷರೂ ಅವರೇ ನೋಡಿ! ರಾಜ್ಯೋತ್ಸವದ ದಿನ ಅವಳನ್ನು ವೇದಿಕೆಗೆ ಕರೆದು, ಆದರ್ಶ ಸೊಸೆ ಅಂತ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಚಪ್ಪಾಳೆ ತಟ್ಟಿದವರಲ್ಲಿ ಒಬ್ಬರಾದರೂ ಒಂದು ಮಧ್ಯಾಹ್ನ ಬಂದು ಅತ್ತೆಯ ಹತ್ತಿರ ಕೂತರೇ? ಇಲ್ಲ. ಅಷ್ಟು ಜನರೆದುರು ಸನ್ಮಾನ ಮಾಡಿಸಿಕೊಂಡ ಮೇಲೆ ಕೈಲಾಗಲ್ಲ ಅಂತ ಬಾಯಿ ಬಿಡೋದು ಹೇಗೆ? ರಜೆಯೆಲ್ಲ ಮುಗಿದ ಶುಕ್ರವಾರ ಸುಮತಿ ರಾಜೀನಾಮೆ ಕೊಟ್ಟಳು.

ಸೋಮವಾರ ಅತ್ತೆಯನ್ನೂ ಕರೆದುಕೊಂಡು ಮಾತ್ರೆ ತರಲು ಹೋದಳು. ಔಷಧಿ ಅಂಗಡಿಯ ಜೆನಿಫರ್, ಮಂಗಳೂರಿನವಳು, ಅವಳ ಮುಖ ನೋಡಿ ಗಾಬರಿಯಾದಳು.

"ಅಯ್ಯೋ, ಏನು ಇಷ್ಟು ಇಳಿದುಹೋಗಿದ್ದೀರಿ! ಇವರನ್ನ ಡೇ ಸೆಂಟರಿಗೆ ಕಳಿಸ್ತಿಲ್ವಾ?"

"ಯಾವ ಸೆಂಟರು?"

"ಇಲ್ಲೇ, ಚರ್ಚಿನ ಹಿಂದೆ. ಬೆಳಿಗ್ಗೆ ಬಿಟ್ಟು ಸಂಜೆ ಕರ್ಕೊಂಡು ಬರೋದು. ವಿಶ್ವನಾಥ ಡಾಕ್ಟ್ರೇ ಎಷ್ಟೊಂದು ಮನೆಯವರಿಗೆ ಹೇಳಿ ಕಳಿಸಿದ್ದಾರೆ. ನಿಮಗೂ ಹೇಳಿರ್ತಾರೆ ಅಂದ್ಕೊಂಡು ನಾನು ಸುಮ್ಮನಿದ್ದೆ."

ಸುಮತಿ ಅಲ್ಲೇ ನಿಂತು ಶಾಲೆಗೆ ಫೋನ್ ಮಾಡಿದಳು. ರಾಜೀನಾಮೆ ವಾಪಸ್ ತಗೊಳ್ಳಬಹುದಾ? ಪ್ರಿನ್ಸಿಪಾಲರು, ಪಾಪ, ನೊಂದುಕೊಂಡೇ ಹೇಳಿದರು: ಬೆಳಿಗ್ಗೆ ತಾನೇ ಆ ಕೆಲಸ ಇನ್ನೊಬ್ಬರಿಗೆ ಕೊಟ್ಟಾಯಿತು.

ಅತ್ತೆಯ ಕೈ ಹಿಡಿದುಕೊಂಡು ನೇರ ಕ್ಲಿನಿಕ್ಕಿಗೆ ನುಗ್ಗಿದಳು. "ಬೇರೆಯವರಿಗೆಲ್ಲ ಹೇಳಿದ್ದನ್ನ ನನಗ್ಯಾಕೆ ಹೇಳಲಿಲ್ಲ?"

ಡಾಕ್ಟರು ಪೆಚ್ಚಾದರು. "ಅವರೆಲ್ಲ ಹೊರಗಿನವರು. ನಮ್ಮವರಿಗೆ ಹೇಗೆ ಹೇಳೋದಮ್ಮಾ? ತಾಯೀನ ಮನೆಯಿಂದಾಚೆ ಹಾಕು ಅಂದಹಾಗೆ ಆಗಲ್ವಾ? ಶ್ರೀಹರಿ ಏನಂದ್ಕೊಳ್ತಾನೆ?"

"ಅವರು ಏನಂದ್ಕೊಳ್ತಾರೆ ಅಂತ ನಿಮಗೆ ಚಿಂತೆ. ನಾನು ಏನಾಗ್ತೀನಿ ಅಂತ ಯಾರಿಗಿತ್ತು?"

ಡಾಕ್ಟರು ಸೆಂಟರಿಗೆ ಫೋನ್ ಹಚ್ಚಿದರು. ಇಟ್ಟಾಗ ಮುಖ ಅರಳಿತ್ತು. "ನಾಳೆಯಿಂದಲೇ ಕರ್ಕೊಂಡು ಬನ್ನಿ ಅಂತಾರೆ. ನೋಡಿದ್ರಾ, ಎರಡು ನಿಮಿಷದ ಕೆಲಸ!"



"ಹಾಗೇ ನಮ್ಮ ಶಾಲೆಗೂ ಒಂದು ಫೋನ್ ಮಾಡಿಬಿಡಿ, ಡಾಕ್ಟ್ರೇ," ಅಂದಳು ಸುಮತಿ.