ಕಾರಕ್ಕನ ಸ್ಟೇರಿಂಗ್

ಮೆಕ್ಯಾನಿಕ್ ಜಾಕಿಯ ಹಿಡಿಯನ್ನು ಇನ್ನೊಂದು ಸುತ್ತು ತಿರುಗಿಸಿದ. ಕಾರಿನ ಮುಂದಿನ ಚಕ್ರ ನೆಲ ಬಿಟ್ಟಿತು. ಗೋಣಿಚೀಲ ಹಾಸಿ, ಟಾರ್ಚು ತೆಗೆದುಕೊಂಡು, ಇನ್ನೇನು ಕೆಳಗೆ ತೂರಬೇಕು ಎನ್ನುವಷ್ಟರಲ್ಲಿ ಮೈಯೆಲ್ಲ ಬೆವರಿತು. ಹಾಗೇ ಕುಕ್ಕರಗಾಲಿನಲ್ಲಿ ಕೂತುಬಿಟ್ಟ.

ಒಳಗೆ ನಡುಮನೆಯಲ್ಲಿ ಅವನ ಅಕ್ಕನನ್ನು ಮಲಗಿಸಿದ್ದರು. ಗುಡ್ಡದ ಮೇಲಿನ ಆ ಬೀದಿಗೆಲ್ಲ ಅವಳು ಕಾರಕ್ಕ. ಆಸ್ಪತ್ರೆಗೆ ಹೋಗಬೇಕಾದವರು, ರೈಲು ಹಿಡಿಯಬೇಕಾದವರು ಮೊದಲು ತಟ್ಟುತ್ತಿದ್ದದ್ದು ಅವಳ ಮನೆಯ ಬಾಗಿಲನ್ನು. ನಿನ್ನೆ ಯಾರನ್ನೋ ಕಣ್ಣಿನ ಆಸ್ಪತ್ರೆಗೆ ಬಿಟ್ಟು ಒಬ್ಬಳೇ ಹತ್ತಿ ಬರುತ್ತಿದ್ದಳು. ದೊಡ್ಡ ತಿರುವಿನಲ್ಲಿ ಕಾರು ಗೋಡೆಗೆ ಒರಗಿ ನಿಂತಿದ್ದನ್ನು ದಾರಿಹೋಕರು ನೋಡಿದರು. ಅಷ್ಟರಲ್ಲಿ ಅವಳು ಸ್ಟೇರಿಂಗಿನ ಮೇಲೆ ತಲೆಯಿಟ್ಟು ಹೋಗಿಬಿಟ್ಟಿದ್ದಳು. ಹೃದಯ ನಿಂತಿದೆ ಎಂದರು ಡಾಕ್ಟರು. ಯಾಕೆ ನಿಂತಿತು ಎಂದು ಹೇಳಲಿಲ್ಲ.

"ಸ್ಟೇರಿಂಗ್ ಕಿತ್ತು ಕೈಗೆ ಬಂತಂತೆ," ಗೇಟಿನ ಹತ್ತಿರ ದರ್ಜಿ ಪಿಸುಗುಟ್ಟಿದ. "ಆ ಗಾಬರಿಗೇ ಜೀವ ಹೋಗಿರಬೇಕು."

"ಮೆಲ್ಲಗೆ ಮಾತಾಡಿ. ರಿಪೇರಿ ಮಾಡಿದ್ದು ಅವಳ ತಮ್ಮಾನೇ," ಎಂದಳು ಹಾಲಿನವಳು.

"ಅದಕ್ಕೇ ಹೇಳಿದ್ದು. ಗುಜರಿ ಸಾಮಾನು ಹಾಕಿದ್ರೆ ಇನ್ನೇನಾಗುತ್ತೆ?"

ಮಾತು ಮೆಕ್ಯಾನಿಕ್‌ನ ಕಿವಿಗೆ ಬಿತ್ತು. ರಾತ್ರಿಯಿಡೀ ಅವನೂ ಅದನ್ನೇ ತನಗೆ ತಾನು ಹೇಳಿಕೊಂಡಿದ್ದ. ಕಾರನ್ನು ಎಳೆದು ತಂದ ಲಾರಿ ಅದರ ಮೂತಿಯನ್ನು ಮೇಲೆತ್ತಿಕೊಂಡೇ ಬಂದು ಅಂಗಳದಲ್ಲಿ ಇಳಿಸಿತ್ತು. ಚಕ್ರಗಳು ಸ್ಟೇರಿಂಗಿನ ಮಾತು ಕೇಳುತ್ತವೋ ಇಲ್ಲವೋ, ಯಾರೂ ನೋಡಿರಲಿಲ್ಲ.

*

ಬೇಸಿಗೆಯ ಶುರುವಿನಲ್ಲಿ ಅಕ್ಕ ಕಾರನ್ನು ಅವನ ಗ್ಯಾರೇಜಿಗೆ ತಂದಿದ್ದಳು.

"ಇದೇನೋ ಇದು? ಸ್ಟೇರಿಂಗ್ ತಿರುಗಿಸಿದ್ರೆ ಒಂದಿಷ್ಟು ಯೋಚನೆ ಮಾಡಿ ಆಮೇಲೆ ತಿರುಗುತ್ತೆ. ಥೇಟ್ ನಿಮ್ಮ ಭಾವನವರ ಥರ."

ಅವನು ಚಕ್ರದ ಎರಡು ಪಕ್ಕ ಹಿಡಿದು ಅಲುಗಿಸಿದ. ಟಕ್, ಟಕ್. ಸ್ಟೇರಿಂಗಿನ ಸರಳನ್ನು ಚಕ್ರಕ್ಕೆ ಕೂಡಿಸುವ ಕೀಲು ಸವೆದಿತ್ತು. ಕೆಳಗೆ ಕಬ್ಬಿಣದ ಪಟ್ಟಿ ಹಾಕಿ ಮೀಟಿ ನೋಡಿದರೆ ಬೇರೆಯೇ ಸದ್ದು. ಕುಲುಕಾಟ ತಡೆಯುವ ರಬ್ಬರ್ ಬುಷ್ಷುಗಳೂ ಮುಗಿದಿದ್ದವು.

"ಅಕ್ಕಾ, ಎಲ್ಲಾ ಹೊಸದು ಹಾಕಿಸ್ಬೇಕು. ಇಲ್ಲಾಂದ್ರೆ ಮಾರಿಬಿಡು."

"ಹೊಸದು ಹಾಕಿದ್ರೆ ಹಳೇದಕ್ಕೆಲ್ಲ ಹೊಟ್ಟೆಕಿಚ್ಚು ಬರುತ್ತೆ ಕಣೋ. ಅಗ್ಗದಲ್ಲಿ ಏನಾಗುತ್ತೋ ನೋಡು."

ಗುಜರಿಯಲ್ಲಿ ಹುಡುಕಿ, ಹಿಂಬದಿ ಜಜ್ಜಿಹೋದ ಅಂಥದೇ ಕಾರಿನಿಂದ ಒಂದು ಒಳ್ಳೆಯ ಕೀಲು ಬಿಚ್ಚಿ ತಂದ. ನಟ್ಟು ಸಡಿಲವಾಗದಂತೆ ತಡೆಯುವ ಪಿನ್ನು ತುಕ್ಕು ಹಿಡಿದು ಮುರಿದಿತ್ತು. ಅದರ ಜಾಗದಲ್ಲಿ ಗಟ್ಟಿ ತಂತಿ ತೂರಿಸಿ ತಿರುಚಿದ. ಬುಷ್ಷು ಒಂದು ಪಕ್ಕದ್ದು ಮಾತ್ರ ಸಿಕ್ಕಿತು. ಇನ್ನೊಂದು ಪಕ್ಕದ್ದು ಸದ್ಯಕ್ಕೆ ಓಡುತ್ತದೆ ಎಂದು ಬಿಟ್ಟ.

"ಇಂಥ ಗಾಡೀಲಿ ಗುಡ್ಡ ಇಳಿಯೋಕೆ ಭಯ ಆಗಲ್ವಾ ನಿಂಗೆ?"

"ಆಗ್ದೆ ಏನು? ಆ ದೊಡ್ಡ ತಿರುವು ಬಂದ್ರೆ ಇವತ್ತಿಗೂ ಮನಸ್ಸಲ್ಲೇ ದೇವರನ್ನ ಕರೀತೀನಿ. ಯಾರಿಗೂ ಹೇಳ್ಬೇಡ, ಆಮೇಲೆ ಒಬ್ಬರೂ ಹತ್ತಲ್ಲ." ನಕ್ಕಳು. ಬಾನೆಟ್ಟಿನ ಧೂಳನ್ನು ಸೆರಗಿನಿಂದ ಒರೆಸಿದಳು. "ನಿಮ್ಮ ಭಾವನವರಿಗೆ ಉಸಿರು ಕಟ್ಟಿದ ದಿನ ಈ ಕಾರು ಅಂಗಳದಲ್ಲೇ ಇತ್ತು. ಓಡಿಸೋರು ಇರ್ಲಿಲ್ಲ, ನಾನಿನ್ನೂ ಕಲಿತಿರ್ಲಿಲ್ಲ. ಕೀಲಿಕೈ ಹಿಡ್ಕೊಂಡು ಬೀದಿ ತುಂಬ ಓಡಿದ್ದೆ. ಅದರ ಮುಂದೆ ಈ ಭಯ ಯಾವ ಲೆಕ್ಕ?"

*

"ಮಾವ, ನೋಡಿದ್ರಾ?"

ಅಕ್ಕನ ಮಗಳು ಬಂದು ನಿಂತಿದ್ದಳು. ಅತ್ತು ಅತ್ತು ಅವಳ ದನಿ ಬಿದ್ದುಹೋಗಿತ್ತು.

"ಇಲ್ಲ."

"ಯಾಕೆ?"

"ನಾನೊಂದು ತಂತಿ ಹಾಕಿದ್ದೆ. ಅದು ಅಲ್ಲಿ ಇಲ್ದೇ ಹೋದ್ರೆ?"

ಅವಳು ಗೇಟಿನ ಕಡೆ ನೋಡಿದಳು. ದರ್ಜಿ ಚಪ್ಪಲಿ ನೋಡಿಕೊಳ್ಳುವವನಂತೆ ತಲೆ ತಗ್ಗಿಸಿದ.

"ಕಣ್ಮುಚ್ಕೊಂಡ್ರೆ ಇಲ್ಲದ್ದು ಬಂದುಬಿಡುತ್ತಾ ಮಾವ? ನಾನು ಸ್ಟೇರಿಂಗ್ ತಿರುಗಿಸ್ತೀನಿ. ನೀವು ಕೆಳಗೆ ಹೋಗಿ."

ಅವಳು ಅಮ್ಮನ ಸೀಟಿನಲ್ಲಿ ಕೂತಳು. ಅವನು ಅಂಗಾತ ಮಲಗಿ ಕೆಳಗೆ ಸರಿದ. ಟಾರ್ಚು ಹಚ್ಚಲಿಲ್ಲ. ಕಣ್ಣು ಮುಚ್ಚಿ, ಮಣ್ಣು ಮೆತ್ತಿದ ಸರಳನ್ನು ತಡವುತ್ತ ತಡವುತ್ತ ಹೋದ. ಗ್ರೀಸು. ನಟ್ಟು. ನಟ್ಟಿನ ಪಕ್ಕ ಏನೋ ಬೆರಳಿಗೆ ಚುಚ್ಚಿತು. ಮತ್ತೊಮ್ಮೆ ಮುಟ್ಟಿ ನೋಡಿದ. ತಿರುಚಿದ ತಂತಿಯ ತುದಿ.

"ಇದೆ," ಎಂದ. ಕಣ್ಣು ತೆರೆದ. "ಇದೆ ಮಗಳೇ! ತಿರುಗಿಸು."

ಅವಳು ತಿರುಗಿಸಿದಳು. ಚಕ್ರ ತಡಮಾಡದೆ ತಿರುಗಿತು. ಆ ಕಡೆ, ಈ ಕಡೆ, ಮತ್ತೆ ಆ ಕಡೆ. ಆಮೇಲೆ ಟಾರ್ಚು ಹಚ್ಚಿದಾಗ, ಅವನು ಬದಲಿಸದೆ ಬಿಟ್ಟಿದ್ದ ಬುಷ್ಷು ಹರಿದು ಜೋತಾಡುತ್ತಿರುವುದು ಕಂಡಿತು.

"ಹಾಗಾದ್ರೆ," ಮೇಲಿನಿಂದ ಮಗಳ ದನಿ ತಡವರಿಸಿತು, "ಗೋಡೆ ಕಡೆಗೆ ತಿರುಗಿಸಿದ್ದು ಅಮ್ಮಾನೇ."

ಆ ತಿರುವಿನಲ್ಲಿ ಒಂದು ಕಡೆ ಗೋಡೆ. ಇನ್ನೊಂದು ಕಡೆ ಕಡಿದಾದ ಇಳಿಜಾರು, ಅದರ ಬುಡದಲ್ಲಿ ಮನೆಗಳ ಮಾಡುಗಳು. ಕಾರಿನ ಕೆಳಗೆ ಟಾರ್ಚು ಆರಿತು. ಹೊರಗೆ ಚಾಚಿದ್ದ ಎರಡು ಕಾಲುಗಳು ಮೆಲ್ಲನೆ ಒಳಗೆ ಮಡಚಿಕೊಂಡವು.

ಶವದ ವ್ಯಾನು ಬಂತು. ಹೊರುವವರೇ ಅದರಲ್ಲಿ ಇಕ್ಕಟ್ಟಾಗಿ ಕೂತರು. ಆಗ ಅಜ್ಜಿ ಕೋಲೂರಿಕೊಂಡು ಹೊರಗೆ ಬಂದಳು. ಸತ್ತವಳ ತಾಯಿ. ಮಗಳ ಕಾರನ್ನು ತಗಡಿನ ಡಬ್ಬ ಎಂದು ಬೈಯುತ್ತ, ಭಯಕ್ಕೆ ಅದರೊಳಗೆ ಒಂದು ದಿನವೂ ಕೂತವಳಲ್ಲ.

"ನಾನೂ ಬರ್ತೀನಿ."

"ಅಮ್ಮಾ, ವ್ಯಾನಲ್ಲಿ ಜಾಗ ಇಲ್ಲ," ಎಂದ ಮೆಕ್ಯಾನಿಕ್.

"ವ್ಯಾನು ಯಾರಿಗೆ ಬೇಕು? ನನ್ನ ಮಗಳ ಗಾಡಿ ಇದೆಯಲ್ಲ."

ದರ್ಜಿ ಗೇಟಿನಿಂದ ಪಕ್ಕಕ್ಕೆ ಸರಿದ.

"ಬುಷ್ಷು ಹರಿದಿದೆ ಅಮ್ಮಾ. ಸದ್ದು ಮಾಡುತ್ತೆ."

"ಏಳುವಾಗ ಕೂರುವಾಗ ನಾನೂ ಮಾಡ್ತೀನಿ. ಉರುಳಿಬಿಡುತ್ತಾ, ಅದು ಹೇಳು."

"ಮೆಲ್ಲಗೆ ಹೋದ್ರೆ ಇಲ್ಲ." ಅವನು ಬಾಗಿ ಜಾಕಿ ಇಳಿಸಿದ. "ಇಲ್ಲ ಅನ್ಸುತ್ತೆ."

ಕೀಲಿಕೈಯನ್ನು ಮುಷ್ಟಿಯಲ್ಲಿ ಹಿಡಿದು ಅವನು ಕಾರಿನ ಬಾಗಿಲ ಮುಂದೆಯೇ ನಿಂತ. ಅಕ್ಕನ ಮಗಳು ಅದನ್ನು ಮೆಲ್ಲನೆ ಬಿಡಿಸಿಕೊಂಡಳು. ಪಕ್ಕದಲ್ಲಿ ಅಮ್ಮ ಇಲ್ಲದೆ ಅವಳು ಒಮ್ಮೆಯೂ ಆ ಗುಡ್ಡದಲ್ಲಿ ಕಾರು ಇಳಿಸಿರಲಿಲ್ಲ.

ವ್ಯಾನು ಮುಂದೆ, ಕಾರು ಹಿಂದೆ. ಮೊದಲ ಹಳ್ಳಕ್ಕೇ ಕೆಳಗಿನಿಂದ ಧಡ್ ಎಂದಿತು. ಮಗಳ ಕಾಲು ಬ್ರೇಕಿನ ಮೇಲೆ ಊರಿತು.

"ಬ್ರೇಕ್ ಮೇಲೇ ನಿಲ್ಬೇಡ. ಗೇರ್ ಇಳಿಸು," ಎಂದ ಪಕ್ಕದಲ್ಲಿ ಕೂತ ಮಾವ. ಬಾಗಿಲ ಹಿಡಿಯನ್ನು ಎರಡು ಕೈಯಲ್ಲೂ ಹಿಡಿದಿದ್ದ.

ದೊಡ್ಡ ತಿರುವು ಹತ್ತಿರವಾಯಿತು. ಗೋಡೆಯ ಮೇಲೆ ಕಾರು ಉಜ್ಜಿದ ಬಣ್ಣದ ಗೆರೆ, ಬುಡದಲ್ಲಿ ಲೈಟಿನ ಗಾಜಿನ ಚೂರುಗಳು. ಅದೇ ಹೊತ್ತಿಗೆ ಎದುರಿನಿಂದ ಕಲ್ಲು ತುಂಬಿದ ಲಾರಿಯೊಂದು ಏದುಸಿರು ಬಿಡುತ್ತ ಹತ್ತಿ ಬಂತು. ಅದಕ್ಕೆ ದಾರಿ ಬಿಡಬೇಕೆಂದರೆ ಇಳಿಜಾರಿನ ಅಂಚಿಗೇ ಸರಿಯಬೇಕು.

"ಮಾವ..."

"ನಿಲ್ಲಿಸ್ಬೇಡ. ಬಾ, ಬಾ, ಹಾಗೇ ಬಾ."

ಚಕ್ರದಡಿಯ ಜಲ್ಲಿ ಜಾರಿ ಕೆಳಗೆ ಉದುರಿದ ಸದ್ದು ಮೂವರಿಗೂ ಕೇಳಿಸಿತು. ಧಡ್, ಧಡ್ ಎಂದಿತು ಬುಷ್ಷು. ಮೆಕ್ಯಾನಿಕ್ ಕಣ್ಣು ಮುಚ್ಚಿದ. ಲಾರಿಯ ಕಲ್ಲಿನ ಧೂಳು ಕಿಟಕಿಯೊಳಗೆ ನುಗ್ಗಿತು. ಧೂಳು ಇಳಿದಾಗ ಮುಂದೆ ಖಾಲಿ ರಸ್ತೆ ಇತ್ತು, ಅದರ ಕೊನೆಯಲ್ಲಿ ವ್ಯಾನಿನ ಬೆನ್ನು.

ಸ್ಮಶಾನದ ಗೇಟಿನ ಮುಂದೆ ಎಂಜಿನ್ ನಿಂತಿತು. ಮಾವ ಇಳಿದು ವ್ಯಾನಿನ ಕಡೆ ಓಡಿದ. ಮಗಳು ಇಳಿಯಲಿಲ್ಲ. ಸ್ಟೇರಿಂಗ್ ಬಿಡಬೇಕೆಂದರೂ ಅವಳ ಬೆರಳುಗಳು ಬಿಡಲೊಲ್ಲವು, ಗೆಣ್ಣುಗಳು ಬೆಳ್ಳಗಾಗಿದ್ದವು. ಹಿಂದಿನ ಸೀಟಿನಿಂದ ಅಜ್ಜಿ ಮುಂದಕ್ಕೆ ಬಾಗಿದಳು. ಸುಕ್ಕುಗಟ್ಟಿದ ಕೈ ಚಾಚಿ, ಕೂದಲು ಹಿಡಿದ ಕೂಸಿನ ಮುಷ್ಟಿಯನ್ನು ಬಿಡಿಸುವ ಹಾಗೆ, ಕಿರುಬೆರಳಿನಿಂದ ಶುರುಮಾಡಿ ಒಂದೊಂದನ್ನೇ ಬಿಡಿಸತೊಡಗಿದಳು.