ಮೂವತ್ತೇಳು ತಗಡಿನ ಚೂರು

೧೯೮೧ರಲ್ಲಿ ನಾನು ಪುತ್ತೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಮನುಷ್ಯನನ್ನು ಕೊಯ್ಯದೆ, ಅಯಸ್ಕಾಂತ ಮತ್ತು ರೇಡಿಯೊ ಅಲೆಗಳಿಂದ ಒಳಗಿನ ಚಿತ್ರ ತೆಗೆಯುವ ವಿದ್ಯೆ ಆಗಷ್ಟೇ ವಿದೇಶದಲ್ಲಿ ಕಣ್ಣು ಬಿಡುತ್ತಿತ್ತು. ಅದರ ಹುಚ್ಚು ನನಗೂ ಹಿಡಿದಿತ್ತು. ನನಗೆ ಮನುಷ್ಯ ಬೇಕಿರಲಿಲ್ಲ, ಎರಡು ಗಾಜಿನ ನಳಿಗೆಗಳಲ್ಲಿ ನೀರು ಸಾಕಿತ್ತು. ಯಂತ್ರದ ಪರದೆಯ ಮೇಲಿನ ಗೆರೆಯಲ್ಲಿ ನಳಿಗೆಗೊಂದರಂತೆ ಎರಡು ಗುಡ್ಡ ಬೇರೆಬೇರೆಯಾಗಿ ಏಳಬೇಕು, ಅಷ್ಟೇ.

ಅದಕ್ಕೆ ಮೊದಲು ಕಾಂತದ ಸೆಳೆತ ಎಲ್ಲ ಕಡೆ ಒಂದೇ ಸಮ ಇರಬೇಕು, ಇಲ್ಲದಿದ್ದರೆ ಎರಡೂ ಕಲಸಿ ಒಂದೇ ದಿಬ್ಬವಾಗುತ್ತದೆ. ನನ್ನದೋ ಗುಜರಿ ಕಬ್ಬಿಣದಲ್ಲಿ ಮಾಡಿಸಿದ ಕಾಂತ, ಸೆಳೆತ ಒಂದೊಂದು ಕಡೆ ಒಂದೊಂದು ಥರ. ಅದನ್ನು ಸಮ ಮಾಡಲು ಬಿಸ್ಕತ್ತು ಡಬ್ಬಿಯ ತಗಡನ್ನು ಉಗುರಿನಷ್ಟು ಕತ್ತರಿಸಿ ಅದರ ಮುಖಕ್ಕೆ ಅಂಟಿಸುವುದು, ಕೀಳುವುದು, ಕೂದಲೆಳೆಯಷ್ಟು ಸರಿಸಿ ಮತ್ತೆ ಅಂಟಿಸುವುದು. ಹೀಗೆ ನಾಲ್ಕು ವರ್ಷ, ಮೂವತ್ತೇಳು ಚೂರು.

"ಎಂತ ಉದಯಶಂಕರ್ರೆ, ನಿಮ್ಮ ನೀರು ಕುದಿತಾ?" ಎಂದು ಸ್ಟಾಫ್ ರೂಮಿನಲ್ಲಿ ನಗುತ್ತಿದ್ದರು. ನಾನು ಅಲ್ಲಿಗೆ ಹೋಗುವುದನ್ನೇ ಬಿಟ್ಟೆ. ಈ ಊರಿನಲ್ಲಿ ಯಾರಿಗೂ ಇದು ಅರ್ಥವಾಗುವುದಿಲ್ಲ ಎಂಬ ಸೊಕ್ಕೂ ಇತ್ತೆನ್ನಿ.

ಆ ಸೆಪ್ಟೆಂಬರಿನಲ್ಲಿ ಎರಡು ಗುಡ್ಡ ಎದ್ದವು. ಕಣ್ಣು ತುಂಬಿ ಬಂತು. ಬಾಗಿಲಾಚೆ ನೋಡಿದೆ, ತೋರಿಸಲು ಯಾರೂ ಇರಲಿಲ್ಲ.

ಬೆಂಗಳೂರಿನ ಪ್ರೊಫೆಸರೊಬ್ಬರಿಗೆ ಬರೆದೆ. ವಿಜಯದಶಮಿಯಂದು ಸುಬ್ರಹ್ಮಣ್ಯದಲ್ಲಿ ಸೇವೆ ಮುಗಿಸಿ ಕಡಬದ ದಾರಿಯಾಗಿ ಬರುತ್ತೇನೆ, ಕಣ್ಣಾರೆ ಕಂಡರೆ ನನ್ನ ಪ್ರಯೋಗಾಲಯದಲ್ಲಿ ಜಾಗ ಕೊಡುತ್ತೇನೆ ಎಂದು ಉತ್ತರ ಬಂತು.

ಆಯುಧ ಪೂಜೆಗೆಂದು ಬೆಟ್ಟಂಪಾಡಿಯ ಮನೆಗೆ ಹೋದವನು ಮರುದಿನ ಬೆಳಿಗ್ಗೆಯೇ ಕಾಲೇಜಿಗೆ ಬಂದೆ. ಲ್ಯಾಬಿನ ಅಟೆಂಡರ್ ಡೊಂಬಯ್ಯ ಬಾಗಿಲಲ್ಲೇ ನಗುತ್ತಾ ನಿಂತಿದ್ದ. ಕಾಂತಕ್ಕೆ ಗಂಧ, ಕುಂಕುಮ, ಸೇವಂತಿಗೆ ಮಾಲೆ. ಅದರ ಮುಖ ಫಳಫಳ ಹೊಳೆಯುತ್ತಿತ್ತು.

"ತುಕ್ಕು ಹಿಡಿದ ತಗಡು ಅಂಟಿಕೊಂಡಿತ್ತು ಸರ್. ಎಲ್ಲ ಕೆರೆದು ತೆಗೆದೆ, ಎಣ್ಣೆ ಹಾಕಿ ಉಜ್ಜಿದೆ. ಈಗ ನೋಡಿ, ಎಷ್ಟು ಚಂದ ಉಂಟು!"

ಕಾಂತದ ಮುಖದ ಮೇಲೆ ಬೆರಳಾಡಿಸಿದೆ, ಒಂದು ಚೂರೂ ಉಳಿದಿರಲಿಲ್ಲ. ಯಾವ ಚೂರು ಎಲ್ಲಿತ್ತೆಂದು ಒಂದು ಕಾಗದದಲ್ಲೂ ಬರೆದಿಟ್ಟಿರಲಿಲ್ಲ. ಎಲ್ಲ ಕೈಗೆ ಗೊತ್ತು ಎಂದುಕೊಂಡಿದ್ದೆ. ಕೈಗೆ ಏನೂ ಗೊತ್ತಿರಲಿಲ್ಲ.

ಮಧ್ಯಾಹ್ನ ಪ್ರೊಫೆಸರರು ಬಂದರು. ಪರದೆಯ ಮೇಲೆ ಒಂದೇ ಒಂದು ದಿಬ್ಬ, ಅಗಲವಾಗಿ ಮಲಗಿತ್ತು. ನಡೆದದ್ದನ್ನು ಹೇಳಿದೆ. ಅವರು ನನ್ನ ಹೆಗಲು ತಟ್ಟಿ, ಪ್ರಸಾದ ಕೊಟ್ಟು, ಕಾರು ಹತ್ತಿದರು.

ಒಳಗೆ ಬಂದಾಗ ಡೊಂಬಯ್ಯ ಮೂಲೆಯಲ್ಲಿ ಕಾಗದದ ಪೊಟ್ಟಣ ಹಿಡಿದು ನಿಂತಿದ್ದ. ಅವನು ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ಬಿಸಾಡ್ಲಿಲ್ಲ ಸರ್, ಎಲ್ಲ ಉಂಟು," ಎಂದ. ಪೊಟ್ಟಣ ಬಿಚ್ಚಿ ತಗಡಿನ ಚೂರುಗಳನ್ನು ತೋರಿಸಿದ. "ಮುಟ್ಟಬೇಡ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ? ರಜೆಯಲ್ಲಿಯೂ ಇಲ್ಲೇ ಕಾದು ಕೂತುಕೊಳ್ತಿದ್ದೆ."

ನಾಲ್ಕು ವರ್ಷ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಆ ಒಂದು ಮಾತು ನಾನು ಹೇಳಿರಲಿಲ್ಲ.